ಮದುವೆ ಸ್ಟುಡಿಯೋಗೆ ಎರಡು ಡಿಸ್ಕ್‌ಗಳ ಪೆಟ್ಟಿಗೆ: ಸಿನಾಲಜಿ ಡಿಎಸ್223

ದಾವಣಗೆರೆಯಲ್ಲಿ ಮದುವೆ ಫೋಟೋ, ವಿಡಿಯೋ ಮಾಡುವ ನಮ್ಮಂಥ ಸ್ಟುಡಿಯೋದವರು ಕ್ಯಾಮೆರಾ, ಲೆನ್ಸ್, ಡ್ರೋನ್‌ಗಳಿಗೆ ಲಕ್ಷಗಟ್ಟಲೆ ಹಣ ಹಾಕುತ್ತೇವೆ. ತೆಗೆದ ಚಿತ್ರಗಳನ್ನು ಕಾಪಾಡುವ ವಿಷಯ ಬಂದಾಗ ಮಾತ್ರ ಕೈ ಬಿಗಿ ಹಿಡಿಯುತ್ತೇವೆ. ಊರ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿಕೊಂಡು ಮೇಜಿನ ಡ್ರಾಯರ್‌ನಲ್ಲಿ ಬಿದ್ದಿರುವ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳು ಬಹುತೇಕ ಸ್ಟುಡಿಯೋಗಳಲ್ಲಿವೆ, ಮತ್ತು ಒಂದು ಮದುವೆ ಸಾಮಾನ್ಯವಾಗಿ ಒಂದೇ ಡಿಸ್ಕ್‌ನಲ್ಲಿರುತ್ತದೆ. ಈ ಪದ್ಧತಿಯನ್ನು ಬಿಟ್ಟು ನಾವು ಸಿನಾಲಜಿ ಕಂಪನಿಯ ಡಿಎಸ್223 ಎಂಬ ನಾಸ್ ಪೆಟ್ಟಿಗೆಯನ್ನು ತಂದೆವು. ಮದುವೆ ಸೀಸನ್ ಪೂರ್ತಿ ಅದರ ಮೇಲೆಯೇ ಕೆಲಸ ಮಾಡಿದ ಬಳಿಕ ಈ ವಿಮರ್ಶೆ ಬರೆಯುತ್ತಿದ್ದೇನೆ. ಯಂತ್ರ ಒಳ್ಳೆಯದು, ಕೊಳ್ಳಬಹುದು. ಆದರೆ ಅದೊಂದನ್ನೇ ನಂಬಿ ಕೂರುವುದಾದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ನಾಸ್ ಎಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ. ಇದು ಬರೀ ಡಿಸ್ಕ್ ಇಡುವ ಡಬ್ಬಿಯಲ್ಲ, 1.7 ಗಿಗಾಹರ್ಟ್ಸ್‌ನ ನಾಲ್ಕು ಕೋರ್‌ಗಳ ಪ್ರೊಸೆಸರ್, 2 ಜಿಬಿ ಮೆಮೊರಿ ಮತ್ತು ತನ್ನದೇ ಆಪರೇಟಿಂಗ್ ಸಿಸ್ಟಮ್ ಇರುವ ಪುಟ್ಟ ಕಂಪ್ಯೂಟರ್. ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಡಿಸ್ಕ್‌ಗಳು ಪೆಟ್ಟಿಗೆಯ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು, ಹಾಗಾಗಿ ಬಜೆಟ್ ಹಾಕುವಾಗ ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಿ ಲೆಕ್ಕ ಹಾಕಬಾರದು. ಮೂರೂವರೆ ಇಂಚಿನ ಡಿಸ್ಕ್‌ಗಳನ್ನು ಸ್ಕ್ರೂಡ್ರೈವರ್ ಇಲ್ಲದೆ ಕೂರಿಸಬಹುದು. ಅಂದ ಹಾಗೆ, 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಅಗತ್ಯವಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಪೆಟ್ಟಿಗೆಗಿಂತ ಹೆಚ್ಚು ಯೋಚಿಸಬೇಕಾದದ್ದು ಡಿಸ್ಕ್‌ಗಳ ಬಗ್ಗೆ. ಹಾರ್ಡ್ ಡಿಸ್ಕ್‌ನ ಒಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ, ಮತ್ತು ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಹೆಡ್, ಲೇಪನದ ಕಣಗಳ ಕಾಂತದ ದಿಕ್ಕನ್ನು ಬದಲಿಸುತ್ತಾ ಬರೆಯುತ್ತದೆ. ಹೆಚ್ಚು ಮಾಹಿತಿ ಹಿಡಿಸಲೆಂದು ಕೆಲವು ಡಿಸ್ಕ್‌ಗಳಲ್ಲಿ ಬರೆಯುವ ಸಾಲುಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಹೊಂದಿಸಿರುತ್ತಾರೆ. ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ಇಂಥ ಡಿಸ್ಕ್‌ನಲ್ಲಿ ಹಳೆಯ ಒಂದು ಸಾಲನ್ನು ತಿದ್ದಬೇಕೆಂದರೆ ಅದರ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಬರೆದು ಎತ್ತಿಡುವುದಕ್ಕೆ ಅದು ಸಾಕಾಗಬಹುದು, ಆದರೆ ಒಂದೇ ಸಮನೆ ಬರೆಯುವ ನಾಸ್‌ನ ಒಳಗೆ ಡಿಸ್ಕ್ ತೀರಾ ನಿಧಾನವಾಗುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು ಹೊರಬಿದ್ದಾಗ ದೊಡ್ಡ ಗದ್ದಲವೇ ಆಗಿತ್ತು. ಬಳಿಕ ಕಂಪನಿಯು ಸಾಲುಗಳು ಬೇರೆಬೇರೆಯಾಗಿರುವ ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂಬ ಹೆಸರಿನಲ್ಲಿ ವಿಂಗಡಿಸಿತು. ಅಂಗಡಿಯಲ್ಲಿ "ನಾಸ್ ಡಿಸ್ಕ್ ಕೊಡಿ" ಎಂದರೆ ಸಾಲದು, ಸಿಎಂಆರ್ ಹೌದೇ ಎಂದು ಮಾದರಿ ಸಂಖ್ಯೆ ನೋಡಿಯೇ ಕೊಳ್ಳಬೇಕು.

ನಾವು 4 ಟಿಬಿಯ ಎರಡು ಡಿಸ್ಕ್ ಹಾಕಿ ರೈಡ್ 1 ವಿಧಾನವನ್ನು ಆರಿಸಿಕೊಂಡಿದ್ದೇವೆ. ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ನಂಬಿಕಸ್ಥ ಸಂಗ್ರಹ ಕಟ್ಟುವ ಈ ವಿಚಾರಕ್ಕೆ ರೈಡ್ ಎಂಬ ಹೆಸರು ಬಂದದ್ದು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರ 1988ರ ಪ್ರಬಂಧದಿಂದ. ರೈಡ್ 1ರಲ್ಲಿ ಬರೆದದ್ದೆಲ್ಲವೂ ಎರಡೂ ಡಿಸ್ಕ್‌ಗಳಿಗೆ ಹೋಗುತ್ತದೆ, ಆದ್ದರಿಂದ 8 ಟಿಬಿಗೆ ಹಣ ಕೊಟ್ಟರೂ ಬಳಕೆಗೆ ಸಿಗುವುದು 4 ಟಿಬಿ ಮಾತ್ರ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ; ಹೊಸದನ್ನು ಹಾಕಿ ರಿಪೇರಿ ಆಯ್ಕೆ ಒತ್ತಿದರೆ ಉಳಿದ ಡಿಸ್ಕ್‌ನಿಂದ ಎಲ್ಲವೂ ಅದಕ್ಕೆ ನಕಲಾಗುತ್ತದೆ, ಅದಕ್ಕೆ ಕಡಿಮೆಯೆಂದರೂ 7-8 ಗಂಟೆ ಹಿಡಿಯುತ್ತದೆ. ಆದರೆ ಎಡಿಟರ್ ಹುಡುಗ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ, ಅದು ಅದೇ ಕ್ಷಣದಲ್ಲಿ ಎರಡೂ ಡಿಸ್ಕ್‌ಗಳಿಂದ ಅಳಿಸಿಹೋಗುತ್ತದೆ. ಕಳ್ಳತನವಾದರೂ, ಬೆಂಕಿ ಬಿದ್ದರೂ ಎರಡೂ ಒಟ್ಟಿಗೇ ಹೋಗುತ್ತವೆ. ರೈಡ್ ಇದೆಯಲ್ಲ, ಬ್ಯಾಕಪ್ ಏಕೆ ಎಂದು ಕೇಳುವವರು ಇದನ್ನು ಗಮನಿಸಬೇಕು.

ಅಳಿಸಿದ್ದನ್ನು ಮರಳಿ ಪಡೆಯುವ ದಾರಿಯೂ ಈ ಪೆಟ್ಟಿಗೆಯಲ್ಲಿದೆ, ಮತ್ತು ನನ್ನ ಮಟ್ಟಿಗೆ ಹಣ ಸಾರ್ಥಕವಾದದ್ದು ಅದರಿಂದಲೇ. ಇದರ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯು ಹಳೆಯದರ ಮೇಲೆ ಬರೆಯದೆ, ಬದಲಾದ ಭಾಗವನ್ನಷ್ಟೇ ಹೊಸ ಜಾಗದಲ್ಲಿ ಬರೆಯುತ್ತದೆ. ಹಾಗಾಗಿ ಒಂದು ಗಳಿಗೆಯ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡಲು ಆ ಕ್ಷಣಕ್ಕೆ ಹೆಚ್ಚಿನ ಜಾಗವೇ ಬೇಕಾಗುವುದಿಲ್ಲ. ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್ ತೆಗೆಯುವಂತೆ ಇಟ್ಟಿದ್ದೇವೆ. ಧಾರೆಯ ಫೋಲ್ಡರ್ ಅನ್ನು ಯಾರೋ ಆರತಕ್ಷತೆಯ ಫೋಲ್ಡರ್ ಮೇಲೆ ಕಾಪಿ ಮಾಡಿ ಎರಡೂ ಕಲಸಿಹೋದಾಗ ಹಿಂದಿನ ರಾತ್ರಿಯದನ್ನು ತೆರೆದು ಹಾಗೇ ವಾಪಸ್ ಇಟ್ಟೆವು. ಇನ್ನೊಂದು ಅನುಕೂಲವೆಂದರೆ ಚೆಕ್‌ಸಮ್, ಅಂದರೆ ಬರೆದ ಮಾಹಿತಿ ಕೆಟ್ಟಿದೆಯೇ ಎಂದು ಮುಂದೆ ತಾಳೆ ನೋಡಲು ಅದರಿಂದಲೇ ಲೆಕ್ಕ ಹಾಕಿ ಇಟ್ಟುಕೊಳ್ಳುವ ಸಂಖ್ಯೆ. ಜೆಪೆಗ್ ಕಡತದ ಮಧ್ಯದಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಅಲ್ಲಿಂದ ಕೆಳಗಿನ ಚಿತ್ರದ ಬಣ್ಣ ಕೆಡಬಹುದು, ಪಟ್ಟೆ ಪಟ್ಟೆಯಾಗಿ ಪಕ್ಕಕ್ಕೆ ಸರಿಯಬಹುದು. ವಧುವಿನ ಹಣೆ ಸರಿಯಾಗಿದ್ದು ಬಾಸಿಂಗದ ಕೆಳಗೆಲ್ಲ ಬೂದು ಬಣ್ಣವಾದ ಚಿತ್ರವನ್ನು ಹಳೆಯ ಡಿಸ್ಕ್ ಇಟ್ಟುಕೊಂಡ ಯಾರಾದರೂ ನೋಡಿರುತ್ತಾರೆ. ಚೆಕ್‌ಸಮ್ ಹೊಂದದಿದ್ದರೆ ಪೆಟ್ಟಿಗೆಯು ಎರಡನೆಯ ಡಿಸ್ಕ್‌ನಲ್ಲಿರುವ ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ಆದರೆ ಶೇರ್ಡ್ ಫೋಲ್ಡರ್ ಮಾಡುವಾಗಲೇ ಆ ಆಯ್ಕೆಗೆ ಟಿಕ್ ಹಾಕಿರಬೇಕು. ಪೆಟ್ಟಿಗೆ ಕೊಟ್ಟು ಹೋದ ತಂತ್ರಜ್ಞರು ಇದನ್ನು ನಮಗೆ ಹೇಳಿರಲಿಲ್ಲ, ನಾವೇ ಓದಿ ತಿಳಿದುಕೊಳ್ಳಬೇಕಾಯಿತು.

ವೇಗದ ವಿಷಯದಲ್ಲಿ ದೊಡ್ಡ ಆಸೆ ಬೇಡ. ಇರುವುದು 1 ಗಿಗಾಬಿಟ್‌ನ ಒಂದೇ ನೆಟ್‌ವರ್ಕ್ ಪೋರ್ಟ್, ಅಂದರೆ ಸೆಕೆಂಡಿಗೆ ಸುಮಾರು 110 ಎಂಬಿ. 200 ಜಿಬಿಯ ಒಂದು ಮದುವೆಯನ್ನು ತುಂಬಲು ಅರ್ಧ ಗಂಟೆ ಬೇಕು. ಆಲ್ಬಂ ವಿನ್ಯಾಸಕ್ಕೆ ಇದು ಧಾರಾಳ ಸಾಕು. 4ಕೆ ವಿಡಿಯೋವನ್ನು ಇಬ್ಬರು ಒಟ್ಟಿಗೆ ಎಡಿಟ್ ಮಾಡಲು ಸಾಲದು. ನಾವು ನಡೆಯುತ್ತಿರುವ ಕೆಲಸವನ್ನು ಕಂಪ್ಯೂಟರ್‌ನೊಳಗಿನ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಗಳಿಲ್ಲದ ವೇಗದ ಡಿಸ್ಕ್) ಇಟ್ಟು, ಮುಗಿದ ಮೇಲೆ ನಾಸ್‌ಗೆ ಸಾಗಿಸುತ್ತೇವೆ. ಕಂಪ್ಯೂಟರ್‌ಗಳನ್ನೂ ನಾಸ್ ಅನ್ನೂ ಜೋಡಿಸುವ ಸ್ಟುಡಿಯೋದ ಹಳೆಯ ನೆಟ್‌ವರ್ಕ್ ಸ್ವಿಚ್ 100 ಮೆಗಾಬಿಟ್‌ನದಾಗಿದ್ದರೆ ಅದೇ ಮದುವೆಗೆ ಹೆಚ್ಚುಕಡಿಮೆ 5 ಗಂಟೆ ಹಿಡಿಯುತ್ತದೆ, ಆದ್ದರಿಂದ ಸ್ವಿಚ್ ಮತ್ತು ಕೇಬಲ್‌ಗಳನ್ನು ಮೊದಲು ಪರೀಕ್ಷಿಸಿಕೊಳ್ಳಿ.

ನಮ್ಮ ಊರಿನ ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಂಪನಿ ಹೇಳುವ ಪ್ರಕಾರ ಪೆಟ್ಟಿಗೆಯ ಸುತ್ತಲಿನ ಉಷ್ಣಾಂಶ 40 ಡಿಗ್ರಿ ಮೀರಬಾರದು, ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಶೀಟ್ ಛಾವಣಿಯ ಕೋಣೆಯಲ್ಲಿ ಅದು ಸುಲಭವಾಗಿ ಮೀರುತ್ತದೆ. ಅಟ್ಟದ ಮೇಲೆ, ಮುಚ್ಚಿದ ಬೀರುವಿನಲ್ಲಿ ಇಡಬೇಡಿ. ವಿದ್ಯುತ್ ಹಠಾತ್ತನೆ ಹೋದರೆ, ಡಿಸ್ಕ್‌ಗೆ ಇನ್ನೂ ಇಳಿಯದೆ ಮೆಮೊರಿಯಲ್ಲೇ ಇದ್ದ ಮಾಹಿತಿ ನಷ್ಟವಾಗುತ್ತದೆ. ಯುಎಸ್‌ಬಿ ಕೇಬಲ್ ಮೂಲಕ ಪೆಟ್ಟಿಗೆಯ ಜೊತೆ ಮಾತಾಡಬಲ್ಲ ಯುಪಿಎಸ್ ಹಾಕಿದರೆ, ಬ್ಯಾಟರಿ ಮುಗಿಯುವ ಮೊದಲೇ ಪೆಟ್ಟಿಗೆಯು ಎಲ್ಲವನ್ನೂ ಬರೆದು ಮುಗಿಸಿ ಸುರಕ್ಷಿತ ಸ್ಥಿತಿಗೆ ಹೋಗುತ್ತದೆ. ಯುಪಿಎಸ್ ಇಲ್ಲದೆ ಇದನ್ನು ಬಳಸುವುದು ಸರಿಯಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವ ಸ್ನೇಹಿತರಿದ್ದಾರೆ. ಆಲ್ಬಂ ಕೊಟ್ಟು ವರ್ಷಗಳಾದ ಮೇಲೆ ಜಗಳೂರಿನ ಕಡೆಯಿಂದಲೋ ಹರಿಹರದಿಂದಲೋ ಯಾರಾದರೂ ಬಂದು, "ಅಣ್ಣಾರೆ, ನಮ್ಮ ಮದುವ್ಯಾಗ ಅಪ್ಪಾರದು ಒಂದು ಫೋಟೋ ತೆಗೆದಿದ್ರಲ್ರೀ, ಐತೇನ್ರಿ?" ಎಂದು ಕೇಳುತ್ತಾರೆ. ಅಪ್ಪ ತೀರಿಹೋಗಿರುತ್ತಾರೆ, ಅವರ ಒಳ್ಳೆಯ ಚಿತ್ರ ಮನೆಯಲ್ಲಿ ಬೇರೆ ಇರುವುದಿಲ್ಲ. ಆ ಕುಟುಂಬಕ್ಕೆ ಇಲ್ಲ ಎನ್ನಬಾರದೆಂದರೆ ಮೂರನೆಯ ಪ್ರತಿ ಬೇಕೇ ಬೇಕು. ಪೆಟ್ಟಿಗೆಯ ಜೊತೆಗಿರುವ ಹೈಪರ್ ಬ್ಯಾಕಪ್ ತಂತ್ರಾಂಶದಿಂದ ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ವಾರಕ್ಕೊಮ್ಮೆ ಪ್ರತಿ ತೆಗೆದು, ಆ ಡಿಸ್ಕ್ ಅನ್ನು ಸ್ಟುಡಿಯೋದಲ್ಲಿ ಬಿಡದೆ ಮನೆಗೆ ಒಯ್ಯುತ್ತೇವೆ. ಆದ್ದರಿಂದ ಬಜೆಟ್ ಹಾಕುವಾಗ ಎರಡು ಡಿಸ್ಕ್ ಅಲ್ಲ, ಮೂರು ಎಂದು ಬರೆದುಕೊಳ್ಳಿ. ಮೂರಕ್ಕೂ ಯುಪಿಎಸ್‌ಗೂ ಒಟ್ಟಿಗೆ ಹಣ ಹೊಂದದಿದ್ದರೆ, ಸದ್ಯಕ್ಕೆ ನಾಸ್ ಬಿಟ್ಟು ಎರಡು ಸಾಧಾರಣ ಪೋರ್ಟಬಲ್ ಡಿಸ್ಕ್ ಕೊಂಡು, ಪ್ರತಿ ಮದುವೆಯನ್ನು ಎರಡರಲ್ಲೂ ತುಂಬಿ, ಎರಡು ಕಡೆ ಇಡಿ.