ಕಾರವಾರದ ಬೈತಖೋಲ ಬಂದರಿನ ಬೋಟ್ ವರ್ಕ್‌ಶಾಪಿಗೆ ಹಳೆಯ ಕಾರು ಒಯ್ಯಬಹುದೇ?

ಒಯ್ಯಬಹುದು. ಆದರೆ ಬಣ್ಣ ಹೊಡೆಯಲು ಬಿಡಬೇಡಿ, ಜೂನ್-ಜುಲೈನಲ್ಲಿ ಅತ್ತ ತಲೆ ಹಾಕಬೇಡಿ, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ನೀವೇ ಎಣಿಸಿ ಡಬ್ಬಿಗೆ ಹಾಕಿಟ್ಟುಕೊಳ್ಳಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಪುರುಸೊತ್ತಿದ್ದವರು ಮುಂದೆ ಓದಿ.

ಕಾರು 1957ರ ಎಂಜಿಎ 1500. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ, ಇಬ್ಬರೇ ಕೂರುವ, ಬಟ್ಟೆಯ ಮಾಡಿನ ಗಾಡಿ. 1955ರಿಂದ 1962ರವರೆಗೆ ಈ ಕಾರು ಒಂದು ಲಕ್ಷಕ್ಕಿಂತ ತುಸು ಹೆಚ್ಚು ತಯಾರಾಯಿತು. ಬಹುಪಾಲು ಅಮೆರಿಕಕ್ಕೆ ಹೋದವು. ಒಂದು ಹೇಗೋ ಮುಂಬಯಿಗೆ ಬಂದು, ಅಲ್ಲಿ ಹಡಗು ಕಂಪನಿಯಲ್ಲಿದ್ದ ನನ್ನ ಸೋದರಮಾವನ ಕೈ ಸೇರಿ, ಕೊನೆಗೆ ಶಿರಸಿ ಹತ್ತಿರದ ಅವರ ಮನೆಯ ಕೊಟ್ಟಿಗೆಗೆ ಹೊಂದಿದ ಚಪ್ಪರದಡಿ ನಿಂತಿತು. 1983ರಿಂದ ಅದು ಅಲ್ಲಿಂದ ಅಲುಗಿರಲಿಲ್ಲ. ಮೇಲೆ ಕರಡದ ಹೊರೆ, ಸೀಟಿನಲ್ಲಿ ಬೆಕ್ಕಿನ ಬಾಣಂತನ. ಮಾವ ತೀರಿಕೊಂಡ ಮೇಲೆ ತೋಟಕ್ಕೆ ನಾಲ್ಕು ಜನ ಬಂದರು, ಕಾರಿಗೆ ಯಾರೂ ಬರಲಿಲ್ಲ. ನಾನು ಲಾರಿಯಲ್ಲಿ ಹೇರಿಸಿ ದೇವಿಮನೆ ಘಟ್ಟ ಇಳಿಸಿ ಕಾರವಾರಕ್ಕೆ ತಂದೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ 2019ರಲ್ಲಿ ನಿವೃತ್ತಳಾದವಳು. ತುಕ್ಕಿನ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಮೂರು ಪ್ರನಾಳ, ಮೂರು ಮೊಳೆ: ಒಂದರಲ್ಲಿ ನೀರೂ ಗಾಳಿಯೂ, ಇನ್ನೊಂದರಲ್ಲಿ ಕುದಿಸಿದ ನೀರು ಮತ್ತು ಮೇಲೊಂದು ಪದರ ಎಣ್ಣೆ, ಮೂರನೆಯದರಲ್ಲಿ ಒಣ ಗಾಳಿ. ಕಾರವಾರದಲ್ಲಿ ಈ ಪ್ರಯೋಗವೇ ಬೇಕಿರಲಿಲ್ಲ. ಮಕ್ಕಳು ಮನೆಯ ಕಿಟಕಿಯ ಸರಳು ನೋಡಿದರೆ ಸಾಕಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ಮೊದಲು ಮೋಸ ಹೋದೆ.

ಘಟ್ಟದ ಮೇಲಿನ ಒಂದು ದೊಡ್ಡ ಊರಿನ ಗ್ಯಾರೇಜು ಅದು. ಗಾಜಿನ ಬಾಗಿಲು, ಒಳಗೆ ಏಸಿ, ಗೋಡೆಯ ಮೇಲೆ ಹಳೆಯ ಕಾರುಗಳ ಚಿತ್ರ. ಹದಿನಾಲ್ಕು ತಿಂಗಳು ಇಟ್ಟುಕೊಂಡು, ಮುಂದಿನ ಎರಡು ಮಡ್‌ಗಾರ್ಡ್ ಮುಗಿದವು ಎಂದು 2 ಲಕ್ಷ 60 ಸಾವಿರ ತೆಗೆದುಕೊಂಡರು. ಬಣ್ಣವೇನೋ ಕನ್ನಡಿಯಂತಿತ್ತು. ಇಲ್ಲಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಂಚಿನಲ್ಲಿ ಗುಳ್ಳೆಗಳೆದ್ದವು. ಹಳೆಯ ಪೆಟ್ಟಿಗೆಯಿಂದ ದಂಡಕಾಂತವನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಹಿಡಿದು ನೋಡಿದೆ. ಬಾಗಿಲಿಗೆ ಅಂಟಲಿಲ್ಲ. ಅದು ಸರಿ, ಈ ಕಾರಿನ ಬಾಗಿಲು, ಬಾನೆಟ್, ಡಿಕ್ಕಿಗಳ ಹೊರತಗಡು ಅಲ್ಯೂಮಿನಿಯಂ. ಮಡ್‌ಗಾರ್ಡಿಗೂ ಅಂಟಲಿಲ್ಲ. ಅದು ಉಕ್ಕು, ಅಂಟಲೇಬೇಕು. ಕೆರೆದರೆ ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಮುಟ್ಟಿದರೆ ಉದುರುವ ತುಕ್ಕು. ಹಣದ ಬಗ್ಗೆ ಪತ್ರವ್ಯವಹಾರ ಇನ್ನೂ ನಡೆದಿದೆ.

ಬೈತಖೋಲ ಬಂದರಿಗೆ ನಾನು ಹೋದದ್ದು ಮೀನಿಗಲ್ಲ, ನಾನು ಮೀನು ತಿನ್ನದವಳು. ಜೊತೆಯಲ್ಲಿ ಕೆಲಸ ಮಾಡಿದ ಶಿಕ್ಷಕಿಯೊಬ್ಬರ ಮನೆಯವರ ಬೋಟಿಗೆ 2023ರ ಆಗಸ್ಟ್‌ನಲ್ಲಿ ಪೂಜೆಯಿತ್ತು. ಅಲ್ಲಿ ಒಂದು ಪರ್ಶಿಯನ್ (ಸುತ್ತುಬಲೆ ಬಿಡುವ ದೊಡ್ಡ) ಬೋಟಿನ ಕಬ್ಬಿಣದ ಕೆಲಸ ನೋಡಿದೆ: ಬೆಸುಗೆಯ ಗೆರೆ ಒಂದೇ ಸಮ, ಎಲ್ಲಿಯೂ ಪುಟ್ಟಿಯಿಲ್ಲ. ಯಾರು ಮಾಡಿದ್ದು ಎಂದು ಕೇಳಿದೆ. ಬೋರ್ಡೂ ಇಲ್ಲದ ಈ ವರ್ಕ್‌ಶಾಪ್ ತೋರಿಸಿದರು. ತಗಡಿನ ಮಾಡು, ಒಂದು ಲೇತ್, ಎರಡು ವೆಲ್ಡಿಂಗ್ ಯಂತ್ರ, ಹೊರಗೆ ತೆಂಗಿನ ಬುಡದಲ್ಲಿ ಬಿಚ್ಚಿಟ್ಟ ಲೇಲ್ಯಾಂಡ್ ಎಂಜಿನ್. ಲೆಕ್ಕದ ಪುಸ್ತಕವೆಂದರೆ ಗೋಡೆ: ಒಂದೊಂದು ಬೋಟಿನ ಹೆಸರು, ಎದುರಿಗೆ ಸೀಮೆಸುಣ್ಣದಲ್ಲಿ ಬಾಕಿ.

ಮೇಸ್ತ್ರಿ ಕಾರಿನ ಅಡಿಗೆ ಮಲಗಿ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಎದ್ದು ಬಂದು ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. "ಅಕ್ಕೋರೇ, ಇದರ ತಳ ಮರದ್ದಲ್ಲವೇ?"

ಹೌದು, ಎಂಜಿಎಯ ತಳ ಮರದ್ದು. ಉಕ್ಕಿನ ಚಾಸಿಸ್ ಮೇಲೆ ಪ್ಲೈವುಡ್ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಏಸಿ ಗ್ಯಾರೇಜಿನವರು ಇದನ್ನು ಕಂಡು ನಕ್ಕು, ತಗಡು ಹಾಕಿಬಿಡೋಣ ಎಂದಿದ್ದರು. ಇಲ್ಲಿ ಯಾರೂ ನಗಲಿಲ್ಲ. ಮರವೂ ಕಬ್ಬಿಣವೂ ಒಂದೇ ಮೈಯಲ್ಲಿ ಕೂಡಿರುವುದು, ಕೆಳಗಿನಿಂದ ಉಪ್ಪುನೀರು ಬಡಿಯುವುದು ಇವರ ದಿನನಿತ್ಯದ ಬದುಕು. ಒಳಗಿನಿಂದ ಆಚಾರಿಯನ್ನು ಕರೆದರು. ಎಪ್ಪತ್ತರ ಹತ್ತಿರದ ವಯಸ್ಸು, ಕಿವಿಯಲ್ಲಿ ಪೆನ್ಸಿಲ್. ಹಳೆಯ ಹಲಗೆಯ ಒಂದು ತುಂಡನ್ನು ಮುರಿದು ಮೂಸಿದರು, ಹೆಬ್ಬೆರಳಿನಿಂದ ಅಂಚನ್ನು ಒತ್ತಿದರು. ಅಂಚು ನೆನೆದ ಅವಲಕ್ಕಿಯಂತೆ ಜಾರಿತು, ನಡುವಿನ ಭಾಗ ಇನ್ನೂ ಗಟ್ಟಿಯಿತ್ತು. "ನೀರು ಹಲಗೆಯ ಮುಖದಿಂದ ಒಳಗೆ ಹೋಗುವುದಿಲ್ಲ, ಅಂಚಿನಿಂದ ಹೋಗುತ್ತದೆ, ಸ್ಕ್ರೂವಿನ ತೂತಿನಿಂದ ಹೋಗುತ್ತದೆ" ಎಂದರು.

ಅವರು ಮಾಡಿದ್ದು ಹೀಗೆ. ಹಳೆಯ ಹಲಗೆಗಳನ್ನು ರಟ್ಟಿನ ಮೇಲೆ ಬರೆದುಕೊಂಡು 12 ಮಿಲಿಮೀಟರಿನ ಮರೀನ್ ಪ್ಲೈ (ಬೋಟಿಗೆ ಬಳಸುವ ಪ್ಲೈವುಡ್) ಕತ್ತರಿಸಿದರು. ಪ್ರತಿ ಸ್ಕ್ರೂ ಬರುವಲ್ಲಿ ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಅದಕ್ಕೆ ಎಪಾಕ್ಸಿ (ಒಣಗಿದರೆ ಗಟ್ಟಿಯಾಗುವ ಅಂಟು) ತುಂಬಿ, ಒಣಗಿದ ಮೇಲೆ ಆ ಎಪಾಕ್ಸಿಯ ನಡುವೆಯೇ ಸಣ್ಣ ತೂತು ಕೊರೆದರು. ಈಗ ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ. ಅಂಚುಗಳಿಗೆ ಮೂರು ಕೈ ಎಪಾಕ್ಸಿ, ಪ್ರತಿ ಕೈಯ ನಂತರ ಮರಳು ಕಾಗದ. ನನಗೆ ಸುಮ್ಮನಿರಲಾಗದೆ ಹೀಗೆ ತಯಾರಾದ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: 212 ಗ್ರಾಂ. ಮೂರು ದಿನ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಒರೆಸಿ ತೂಗಿದರೆ 213. ಬರೀ ಪ್ಲೈ ತುಂಡು 190ರಿಂದ 231ಕ್ಕೆ ಏರಿತ್ತು. ಆಚಾರಿಗೆ ತೋರಿಸಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ, ನನ್ನ ಬಗ್ಗೆ ಸ್ವಲ್ಪ ಕನಿಕರವಾಯಿತು ಎಂದು ಕಾಣುತ್ತದೆ.

ತುಕ್ಕು ತೆಗೆಯುವ ಕೆಲಸದಲ್ಲಿ ನನ್ನದೂ ಪಾಲಿದೆ. ಸಣ್ಣ ಬ್ರಾಕೆಟ್ಟುಗಳನ್ನು ಗ್ರೈಂಡರಿನಿಂದ ಉಜ್ಜಿದರೆ ಒಳ್ಳೆಯ ಉಕ್ಕೂ ಸವೆಯುತ್ತದೆ. ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ತುಕ್ಕು ಹಿಡಿದ ಭಾಗಕ್ಕೆ, ಧನ ತುದಿಯನ್ನು ಗುಜರಿ ಕಬ್ಬಿಣದ ತಗಡಿಗೆ ಜೋಡಿಸಿದೆ. ಒಂದು ರಾತ್ರಿ ಗುಳುಗುಳು ಎಂದು ಗುಳ್ಳೆಯೆದ್ದು, ಬೆಳಿಗ್ಗೆ ತುಕ್ಕೆಲ್ಲ ಕಪ್ಪು ಕೆಸರಾಗಿ ಬ್ರಷ್ಷಿಗೆ ಬಂತು. ಏಳುವುದು ಜಲಜನಕ, ಆದ್ದರಿಂದ ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಬೀಡಿ ಸೇದುವವರನ್ನು ಓಡಿಸಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಸೇರುತ್ತದೆ. ಅಲ್ಲಿಯ ಹುಡುಗನೊಬ್ಬ ಬಾಗಿಲಿನ ಅಲ್ಯೂಮಿನಿಯಂ ತುಂಡನ್ನೂ ಮುಳುಗಿಸಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಈಗ ಆ ಡ್ರಮ್ಮನ್ನು ಅವರು ಬೋಟಿನ ಸಾಮಾನಿಗೂ ಬಳಸುತ್ತಾರೆ. ಅದಕ್ಕೆ ಬಿಲ್ಲಿನಲ್ಲಿ ರಿಯಾಯಿತಿ ಕೇಳಿದೆ, ಕೊಡಲಿಲ್ಲ.

ಒಂದು ವಿಷಯದಲ್ಲಿ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ಬೋಟಿನ ತಳಕ್ಕೆ ಸತುವಿನ ಗಟ್ಟಿ ಬಿಗಿಯುತ್ತಾರೆ. ಸಮುದ್ರದ ನೀರಿನಲ್ಲಿ ಉಕ್ಕಿಗಿಂತ ಮೊದಲು ಸತು ಕರಗಿ ಉಕ್ಕನ್ನು ಉಳಿಸುತ್ತದೆ. ಅದನ್ನೇ ಕಾರಿನ ಚಾಸಿಸ್‌ಗೂ ಬಿಗಿಯುತ್ತೇನೆ ಎಂದು ಹಟ ಹಿಡಿದರು. ಎರಡೂ ಲೋಹ ಒಂದೇ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಗಾಳಿಯಲ್ಲಿ ಓಡುವ ಕಾರಿಗೆ ಅದು ಬರೀ ಭಾರ ಎಂದು ಚಿತ್ರ ಬರೆದು ವಿವರಿಸಿದೆ. "ಹಾಗಾದರೆ ಮಳೆಗಾಲದಲ್ಲಿ?" ಎಂದರು. ಬಿಗಿದೇ ಬಿಟ್ಟರು. ಮನೆಗೆ ತಂದು ಬಿಚ್ಚಿದೆ. ಈಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದೇನೆ. ಆದರೆ ಬಾಗಿಲಿನಲ್ಲಿ ಅಲ್ಯೂಮಿನಿಯಂ ತಗಡು ಉಕ್ಕಿನ ಚೌಕಟ್ಟನ್ನು ಮಡಿಸಿ ಹಿಡಿಯುವ ಜಾಗಕ್ಕೆ ನಡುವೆ ಸೀಲಂಟ್ ಹಾಕದೆ ಬಿಡಬಾರದು ಎಂದು ನಾನು ಹೇಳುವ ಮೊದಲೇ ಹಾಕಿದ್ದರು. ಎರಡು ಲೋಹ, ನಡುವೆ ಉಪ್ಪು ನೀರು: ಅದು ಅವರಿಗೆ ಪುಸ್ತಕವಿಲ್ಲದೆ ಗೊತ್ತು.

ವಿದ್ಯುತ್ ಕೆಲಸ ಅಚ್ಚುಕಟ್ಟು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತದೆ, ಚಾಸಿಸ್‌ಗೆ ಹೋಗುವುದು ಧನ ತುದಿ, ಈಗಿನ ಗಾಡಿಗಳಿಗೆ ತದ್ವಿರುದ್ಧ. ಹುಡುಗರು ಮೊದಲು ನಂಬಲಿಲ್ಲ, ನಂಬಿದ ಮೇಲೆ ಕೆಂಪು ಬಣ್ಣದಲ್ಲಿ ಚಾಸಿಸ್ ಮೇಲೆಯೇ ದೊಡ್ಡ ಕೂಡಿಸುವ ಚಿಹ್ನೆ ಬರೆದಿಟ್ಟರು. ಹೊರಗಿನಿಂದ ಬಾಗಿಲಿಗೆ ಹಿಡಿಕೆಯಿಲ್ಲ, ಕೈ ಒಳಗೆ ಹಾಕಿ ದಾರ ಎಳೆಯಬೇಕು ಎಂಬುದನ್ನು ಮಾತ್ರ ಕೊನೆಯವರೆಗೂ ತಯಾರಿಸಿದವರ ಮರೆವು ಎಂದೇ ತಿಳಿದಿದ್ದರು.

ಎಂಜಿನ್ನಿನದು ಅದೃಷ್ಟದ ಕಥೆ. ಇದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್, 1489 ಸಿಸಿ. ನಮ್ಮ ಹಳೆಯ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನಿನ ಒಡಹುಟ್ಟು. ಎಂಜಿಎಗೆ ಎಸ್‌ಯು ಕಾರ್ಬುರೇಟರ್ ಎರಡು, ಒಳಗಿನ ಕೆಲವು ಭಾಗ ಬೇರೆ, ಆದರೆ ಮೂಲ ಅಳತೆ ಅದೇ. ಹುಬ್ಬಳ್ಳಿಯಲ್ಲಿ ಅಂಬಾಸಿಡರ್ ಸಾಮಾನಿನ ಹಳೆಯ ಅಂಗಡಿಯಲ್ಲಿ ಹೆಡ್ ಗ್ಯಾಸ್ಕೆಟ್ ಸಿಕ್ಕಿತು, ಅಳತೆ ಹಿಡಿದು ನೋಡಿದೆವು, ಕೂತಿತು. ಸಿಲಿಂಡರ್ ಬೋರಿಂಗನ್ನೂ ಅಲ್ಲಿಯೇ ಮಾಡಿಸಿದ್ದು. ಈ ವರ್ಕ್‌ಶಾಪಿನವರು ಅದು ತಮ್ಮಿಂದಾಗದು ಎಂದು ಮೊದಲ ದಿನವೇ ಹೇಳಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಮೇಸ್ತ್ರಿ ಎಲ್ಲಿ ಸಿಗುತ್ತಾರೆ?

ಬಣ್ಣದ ವಿಷಯದಲ್ಲಿಯೂ ಹಾಗೆಯೇ ಹೇಳಿದ್ದರೆ ಚೆನ್ನಾಗಿತ್ತು. ಚಾಸಿಸ್‌ಗೆ ಎಪಾಕ್ಸಿ ಪ್ರೈಮರ್ ಹಾಕಿ ಬೋಟಿನ ಬಣ್ಣ ಹೊಡೆದದ್ದು ಅಮೋಘ. ಅದೇ ಉತ್ಸಾಹದಲ್ಲಿ ಒಂದು ಮಡ್‌ಗಾರ್ಡಿಗೂ ಹೊಡೆದರು. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ, ನಡುನಡುವೆ ಎರಡು ಸೊಳ್ಳೆ. ಅದನ್ನು ಕೆರೆಸಿ ಮತ್ತೆ ಬೇರೆ ಕಡೆ ಬಣ್ಣ ಹಾಕಿಸಲು 31 ಸಾವಿರ ಹೋಯಿತು. ಹಿಂದಿನ ದೀಪದ ಒಂದು ಕ್ರೋಮ್ ಬಳೆ ಕಳೆದುಹೋಯಿತು. ಅದು ಇಂಗ್ಲೆಂಡಿನಿಂದ ಬರುವಷ್ಟರಲ್ಲಿ ಸುಂಕ ಸೇರಿ ಬೆಲೆ ಸುಮಾರು ದುಪ್ಪಟ್ಟಾಯಿತು. ವರ್ಕ್‌ಶಾಪಿನವರು ಫೋನ್ ಎತ್ತುವುದಿಲ್ಲ. ಇಷ್ಟು ದಿನ ಎಂದರೆ ಅದರ ಮೂರರಷ್ಟು ಎಂದು ತಿಳಿಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ದುರಸ್ತಿಯ ಸುಗ್ಗಿ. ಆಗ ನಿಮ್ಮ ಕಾರಿನ ಮೇಲೆ ಬಲೆ ಹರವಿರುತ್ತಾರೆ. ನನ್ನದರ ಮೇಲೆ ಹರವಿದ್ದರು. ಇವತ್ತಿಗೂ ಮೋಡ ಕವಿದ ದಿನ ಕಾರಿನೊಳಗೆ ಒಣಮೀನಿನ ವಾಸನೆ ಏಳುತ್ತದೆ. ಅರಿಶಿನ, ಕಾಫಿ ಪುಡಿ, ಬೇವು ಎಲ್ಲ ಇಟ್ಟು ನೋಡಿದೆ. ನಮ್ಮ ಆಯಿ ಬದುಕಿದ್ದರೆ ಈ ಕಾರನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ.

ಕಾಗದಪತ್ರದ ಬಗ್ಗೆ ಒಂದು ಎಚ್ಚರಿಕೆ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ 'ವಿಎ' ಅಕ್ಷರವಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20 ಸಾವಿರ. ಚಾಸಿಸ್, ಬಾಡಿ, ಎಂಜಿನ್‌ಗಳನ್ನು ಬದಲಾಯಿಸಿ ಕೂತರೆ ಅದು ಕೈತಪ್ಪಬಹುದು. ತಳಕ್ಕೆ ತಗಡು ಬೇಡ, ಮರವೇ ಇರಲಿ ಎಂದು ನಾನು ಹಟ ಮಾಡಿದ್ದಕ್ಕೆ ಇದೂ ಒಂದು ಕಾರಣ. ಆ ನೋಂದಣಿಯ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ. ನಾನು ಒಂದು ಸಲಕ್ಕೆ ಎರಡೇ ಲೀಟರ್ ಹಾಕಿಸುತ್ತೇನೆ.

ಒಟ್ಟು ಖರ್ಚು: ತಳ, ಚಾಸಿಸ್, ತುಕ್ಕು, ವೈರಿಂಗ್ ಎಲ್ಲ ಸೇರಿ ಇಲ್ಲಿ ಕೊಟ್ಟದ್ದು 1 ಲಕ್ಷ 42 ಸಾವಿರ. ರಸೀದಿ ಕೊಡುವುದಿಲ್ಲ. ಮೊನ್ನೆ ಕ್ಲಚ್ ಸರಿಮಾಡಿಸಲು ಹೋದಾಗ ಗೋಡೆ ನೋಡಿದೆ. ದೇವರ ಹೆಸರಿನ ಏಳೆಂಟು ಬೋಟುಗಳ ಕೆಳಗೆ ಇನ್ನೊಂದು ಸಾಲು: "ಅಕ್ಕೋರ ಬೋಟ್, ಬಾಕಿ 1,150." ಚಿಲ್ಲರೆ ಇಲ್ಲವೆಂದು 1,200 ಕೊಟ್ಟೆ. ಈಗ ಐವತ್ತು ರೂಪಾಯಿ ಅವರ ಕಡೆಯಿಂದ ಬರಬೇಕು.