60 ರೂಪಾಯಿಯ ಕೂಗು: ಮದರ್‌ಬೋರ್ಡಿಗೆ ಹಚ್ಚುವ ಪುಟ್ಟ ಬಜರ್

ಗದಗಿನ ನಮ್ಮ ಮುದ್ರಣಾಲಯದಲ್ಲಿ ಪುಸ್ತಕವನ್ನು ಪ್ಲೇಟಿಗೆ ಕಳಿಸುವ ಮುನ್ನ ಅದರ ಪುಟಗಳನ್ನೆಲ್ಲ ಕಪ್ಪು-ಬಿಳುಪಿಗೆ ತಿರುಗಿಸಿ ಒಂದೇ ಪಿಡಿಎಫ್ ಆಗಿ ಜೋಡಿಸುವ ಸ್ಕ್ರಿಪ್ಟ್ ಒಂದಿದೆ. ದಪ್ಪ ಪುಸ್ತಕವಾದರೆ ಅರ್ಧ ಗಂಟೆ ಹಿಡಿಯುತ್ತದೆ. ಅದರ ಮುಂದೆ ಕುಳಿತು ಕಾದರೆ ಪ್ರೂಫ್ ನೋಡುವ ಕೆಲಸ ನಿಲ್ಲುತ್ತದೆ, ಎದ್ದು ಹೋದರೆ ಮುಗಿದದ್ದು ತಿಳಿಯುವುದಿಲ್ಲ. ಕೆಲಸ ಮುಗಿದೊಡನೆ ಕಂಪ್ಯೂಟರೇ ಕರೆಯಲಿ ಎಂದು ಹುಬ್ಬಳ್ಳಿಯ ಅಂಗಡಿಯೊಂದರಿಂದ 60 ರೂಪಾಯಿಯ ಬಜರ್ ತಂದು ಆರು ತಿಂಗಳು ಬಳಸಿದ್ದೇನೆ.

ಬೀಪ್ ಮಾಡಿಸುವುದಕ್ಕೆ ಪ್ರೋಗ್ರಾಮಿನಲ್ಲಿ ಮಾಡಬೇಕಾದ ಕೆಲಸ ಬಹಳ ಕಡಿಮೆ. ಅಕ್ಷರಗಳನ್ನು ಸಂಖ್ಯೆಗಳಾಗಿ ಗುರುತಿಸುವ ಆಸ್ಕಿ ಸಂಕೇತಗಳಲ್ಲಿ 7ನೆಯದು ಗಂಟೆಯ ಸಂಕೇತ; ತಂತಿಯಲ್ಲಿ ಬಂದ ಸಂದೇಶವನ್ನು ಟೈಪ್ ಮಾಡುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲದಲ್ಲಿ ಅದು ಬಂದರೆ ಯಂತ್ರದೊಳಗಿನ ನಿಜವಾದ ಗಂಟೆಯೇ ಬಾರಿಸುತ್ತಿತ್ತು. (ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಸಾಲು ಮುಗಿಯುವ ಮುನ್ನ ಬರುತ್ತಿದ್ದ ‘ಟಿಣ್’ ನೆನಪಿರಬಹುದು, ಅದು ಬೇರೆ ಗಂಟೆ, ಆದರೆ ಉದ್ದೇಶ ಇದೇ.) ಸಿ ಭಾಷೆಯಲ್ಲಾಗಲಿ, ಪೈಥಾನಿನಲ್ಲಾಗಲಿ, ಆಜ್ಞೆಗಳನ್ನು ಓಡಿಸುವ ಶೆಲ್ಲಿನ ಪ್ರಿಂಟ್‌ಎಫ್ ಆಜ್ಞೆಯಲ್ಲಾಗಲಿ ಬ್ಯಾಕ್‌ಸ್ಲ್ಯಾಷ್‌ನ ಮುಂದೆ ಎ ಅಕ್ಷರ ಬರೆದರೆ ಆ ಒಂದು ಬೈಟ್ ಹೊರಡುತ್ತದೆ. ಅದನ್ನು ಸದ್ದಾಗಿಸಬೇಕೋ, ಪರದೆಯನ್ನು ಮಿಣುಕಿಸಬೇಕೋ, ಸುಮ್ಮನಿರಬೇಕೋ ಎಂದು ತೀರ್ಮಾನಿಸುವುದು ಮಾತ್ರ ಪ್ರೋಗ್ರಾಮಲ್ಲ, ಆಜ್ಞೆ ಟೈಪಿಸಿ ಉತ್ತರ ನೋಡುವ ಕಿಟಕಿಯಾದ ಟರ್ಮಿನಲ್. ನಮ್ಮ ಹಳೆಯ ಡೆಸ್ಕ್‌ಟಾಪಿಗೆ ಸ್ಪೀಕರುಗಳೇ ಇಲ್ಲದ್ದರಿಂದ ಅದು ಸುಮ್ಮನಿತ್ತು. ಮದರ್‌ಬೋರ್ಡಿನಲ್ಲಿ ‘ಸ್ಪೀಕರ್’ ಎಂದು ಬರೆದ ನಾಲ್ಕು ಪಿನ್ನಿನ ಜಾಗ ಖಾಲಿ ಬಿದ್ದಿತ್ತು.

ಅಂಗಡಿಯಲ್ಲಿ ಮೊದಲು ಕೊಟ್ಟದ್ದು ತಪ್ಪು ಮಾಲು. “ಇದನ್ನ ಹಚ್ಚಿ ನೋಡ್ರಿ ಸರ, ಒದರಲಿಲ್ಲಾಂದ್ರ ವಾಪಸ್ ತರ್ರಿ” ಎಂದಿದ್ದರು. ಅದು ಒದರಿತು, ಆದರೆ ಯಾವ ಸ್ವರ ಕೇಳಿದರೂ ಒಂದೇ ಒರಟು ದನಿಯಲ್ಲಿ. ಒಳಗೇ ಆಂದೋಲಕವಿರುವ ಆ್ಯಕ್ಟಿವ್ ಬಜರ್ ಅದಾಗಿತ್ತು. ಮದರ್‌ಬೋರ್ಡಿಗೆ ಬೇಕಾದದ್ದು ಪ್ಯಾಸಿವ್, ಅಂದರೆ ಒಳಗೆ ಆಂದೋಲಕವಿಲ್ಲದ್ದು. ಏಕೆಂದರೆ ಇಲ್ಲಿ ಸ್ವರವನ್ನು ಹುಟ್ಟಿಸುವುದು ಕಂಪ್ಯೂಟರಿನ ಟೈಮರ್: 1981ರ ಐಬಿಎಂ ಪಿಸಿಯಿಂದ ಬಂದ ಕ್ರಮದಂತೆ ಅದು ಸೆಕೆಂಡಿಗೆ 11,93,182 ಬಾರಿ ಮಿಡಿಯುವ ಗಡಿಯಾರವನ್ನು ನಾವು ಕೊಟ್ಟ ಸಂಖ್ಯೆಯಿಂದ ಭಾಗಿಸಿ ಸ್ಪೀಕರಿಗೆ ಕಳಿಸುತ್ತದೆ. ಬದಲಿ ಮಾಲನ್ನು ತಕರಾರಿಲ್ಲದೆ ಕೊಟ್ಟರು ಎಂಬುದನ್ನೂ ಹೇಳಬೇಕು.

ಎರಡನೆಯದನ್ನು ಹಚ್ಚಿದಾಗ ಸದ್ದೇ ಬರಲಿಲ್ಲ. ತಪ್ಪು ಬಜರಿನದಲ್ಲ. ನಡುವೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಹೊಸದಾಗಿ ಹಾಕಿದ್ದೆ. ಅದು ಪಿಸಿ ಸ್ಪೀಕರನ್ನು ನಡೆಸುವ ತುಣುಕು ಪ್ರೋಗ್ರಾಮನ್ನು (ಕರ್ನೆಲ್ ಮಾಡ್ಯೂಲ್) ನಿಷೇಧದ ಪಟ್ಟಿಯಲ್ಲಿಡುತ್ತದೆ, ಇದರ ಸದ್ದು ಕರ್ಕಶ, ಎಲ್ಲರ ತಲೆ ಕೆಡಿಸುತ್ತದೆ ಎಂಬ ಅರ್ಥದ ಟಿಪ್ಪಣಿಯನ್ನೂ ಆ ಕಡತದಲ್ಲಿ ಬರೆದಿಟ್ಟಿದೆ. ಮಾಡ್ಯೂಲನ್ನು ಕೈಯಿಂದ ಲೋಡ್ ಮಾಡಿ ‘ಬೀಪ್’ ಎಂಬ ಉಚಿತ ಪ್ರೋಗ್ರಾಮನ್ನು ಓಡಿಸಿದಾಗ ಸದ್ದು ಬಂತು, ಆದರೆ ಸೊಳ್ಳೆಯಷ್ಟು. ಆ ಪ್ರೋಗ್ರಾಮ್ ತಾನಾಗಿ ಬಳಸುವುದು 440 ಹರ್ಟ್ಸ್. ವಿದ್ಯುತ್ ಕೊಟ್ಟಾಗ ಕಂಪಿಸುವ ಪೀಜೋ ತಟ್ಟೆಯ ಪುಟ್ಟ ಬಜರುಗಳು ಗಟ್ಟಿಯಾಗಿ ದನಿಗೊಡುವುದು ಸುಮಾರು 2,000ದಿಂದ 4,000 ಹರ್ಟ್ಸ್ ನಡುವೆ. 2,500ಕ್ಕೆ ಏರಿಸಿ, ಮೂರು ಬಾರಿ ಕೂಗುವಂತೆ ಮಾಡಿದ ಮೇಲೆ ಪಕ್ಕದ ಪ್ರೂಫ್ ಕೋಣೆಗೂ ನಿಚ್ಚಳವಾಗಿ ಕೇಳಿಸಿತು. ಬಜರ್ ಕೊಂಡವರು ಅದನ್ನು ದೂರುವ ಮುನ್ನ ಈ ಒಂದು ಸಂಖ್ಯೆಯನ್ನು ಬದಲಿಸಿ ನೋಡಬೇಕು. ‘ಬೀಪ್’ ಪ್ರೋಗ್ರಾಮಿನ ಹಳೆಯ ಆವೃತ್ತಿಯಲ್ಲಿ 2018ರಲ್ಲಿ ಗಂಭೀರ ಭದ್ರತಾ ದೋಷವೊಂದು ಬಯಲಾಗಿತ್ತು, ಆದ್ದರಿಂದ ಹೊಸದನ್ನೇ ಹಾಕಿಕೊಳ್ಳುವುದು ಲೇಸು.

ಮಿತಿಗಳಿಲ್ಲವೆಂದಲ್ಲ. ಆಫ್‌ಸೆಟ್ ಯಂತ್ರ ಓಡುವಾಗ ಅದರ ಬಳಿ ನಿಂತವರಿಗೆ ಇದು ಕೇಳುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು, ಸ್ಕ್ರಿಪ್ಟನ್ನು ಹಿಂದಿನ ಕೋಣೆಯ ಕಂಪ್ಯೂಟರಿಗೆ ಸಾಗಿಸಿ ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಎಸ್‌ಎಸ್‌ಎಚ್ ಮೂಲಕ ಓಡಿಸತೊಡಗಿದಾಗ ಎದುರಾಯಿತು: ‘ಬೀಪ್’ ಆಜ್ಞೆ ತಾನು ಓಡುತ್ತಿರುವ ಯಂತ್ರದ ಸ್ಪೀಕರನ್ನೇ ಹುಡುಕುತ್ತದೆ, ಅಲ್ಲಿ ಬಜರೂ ಇಲ್ಲ, ಕೇಳುವವರೂ ಇಲ್ಲ. ಹಾಗಾಗಿ ಹಳೆಯ 7ನೆಯ ಸಂಕೇತಕ್ಕೇ ಮರಳಿದೆ; ಆ ಬೈಟ್ ತಂತಿಯಲ್ಲಿ ಹರಿದು ಬಂದು ನಮ್ಮ ಮುಂದಿನ ಕನ್ಸೋಲಿನಲ್ಲಿ, ಅಂದರೆ ಲಿನಕ್ಸ್‌ನ ಬರಿಯ ಅಕ್ಷರಗಳ ಪರದೆಯಲ್ಲಿ, ಸದ್ದಾಗುತ್ತದೆ. ಲಿನಕ್ಸ್ ಕನ್ಸೋಲಿನ ಬೀಪ್ ರೂಢಿಯಂತೆ 750 ಹರ್ಟ್ಸ್ ಇರುವುದರಿಂದ ಅದನ್ನೂ ಸೆಟ್‌ಟರ್ಮ್ ಆಜ್ಞೆಯಿಂದ ಏರಿಸಬೇಕಾಯಿತು.

ಒಂದು ವಾರ ಮತ್ತೆ ಮೌನ ಕವಿದಿತ್ತು. ಸ್ಕ್ರಿಪ್ಟ್ ಪರದೆಗೆ ಬರೆಯುವುದನ್ನೆಲ್ಲ ನಾನೇ ಲಾಗ್ ಕಡತಕ್ಕೆ ತಿರುಗಿಸಿದ್ದರಿಂದ ಗಂಟೆಯೂ ಕಡತದೊಳಗೆ ಹೋಗಿ ಕುಳಿತಿತ್ತು. ತಪ್ಪೇನೆಂದು ನೋಡಲು ಕಡತವನ್ನು ಇದ್ದಂತೆಯೇ ಪರದೆಗೆ ಸುರಿಯುವ ಕ್ಯಾಟ್ ಆಜ್ಞೆಯಿಂದ ಅದನ್ನು ತೆರೆದಾಗ ಆ ವಾರದ ಬೀಪುಗಳು ಒಟ್ಟಿಗೆ ಹೊರಬಿದ್ದವು. ಈಗ ಆ ಒಂದು ಬೈಟನ್ನು ಲಾಗ್ ಕಡತಕ್ಕೆ ಬೀಳದಂತೆ ನೇರವಾಗಿ ಟರ್ಮಿನಲ್ಲಿನ ಟಿಟಿವೈ ಸಾಧನಕ್ಕೆ ಕಳಿಸುತ್ತಿದ್ದೇನೆ, ಬಜರ್ ಅದೇ ನಾಲ್ಕು ಪಿನ್ನಿನ ಮೇಲಿದೆ.