ಚೌಕಾಬಾರ ಒಂದೇ, ಕಟ್ಟಿದ್ದು ಎರಡು ಸಲ: ಲಿಬ್‌ಜಿಡಿಎಕ್ಸ್ ಮತ್ತು ಗೋಡಾಟ್

ಚೌಕಾಬಾರ ಆಟವನ್ನು ಕಂಪ್ಯೂಟರ್, ಆಂಡ್ರಾಯ್ಡ್ ಫೋನ್, ಬ್ರೌಸರ್ ಮೂರರಲ್ಲೂ ಓಡುವ ಹಾಗೆ ಮಾಡಬೇಕು ಅಂತ ಹೊರಟೆ. 25 ಮನೆ, ನಾಲ್ಕು ಕವಡೆ, ಇಬ್ಬರು ಆಟಗಾರರು. ಆಟ ಚಿಕ್ಕದು, ಹಾಗಾಗಿ ಎರಡು ಸಲ ಕಟ್ಟಿ ನೋಡಿದೆ. ಒಮ್ಮೆ ಲಿಬ್‌ಜಿಡಿಎಕ್ಸ್‌ನಲ್ಲಿ, ಇನ್ನೊಮ್ಮೆ ಗೋಡಾಟ್ 4.3ರಲ್ಲಿ. ಎರಡೂ ಆಟ ಕಟ್ಟುವ ಸಾಧನಗಳು, ಎರಡೂ ಉಚಿತ. ಎರಡರಲ್ಲೂ ಟೆಂಪ್ಲೇಟ್ ಅನ್ನುವ ಮಾತು ಬರುತ್ತದೆ, ಆದರೆ ಅರ್ಥ ಬೇರೆ ಬೇರೆ. ಇದು ಮೊದಲೇ ಗೊತ್ತಿದ್ದರೆ ನನಗೆ ಎರಡು ಭಾನುವಾರ ಉಳಿಯುತ್ತಿತ್ತು.

ಲಿಬ್‌ಜಿಡಿಎಕ್ಸ್ ಜಾವಾ ಬಲ್ಲವರಿಗೆ. ಲಿಫ್ಟಾಫ್ ಅನ್ನುವ ಸಣ್ಣ ಟೂಲ್ ತೆರೆದು, ಹೆಸರು ಕೊಟ್ಟು, ಬೇಕಾದ ಪ್ಲಾಟ್‌ಫಾರ್ಮ್‌ಗಳಿಗೆ ಟಿಕ್ ಹಾಕಿದರೆ ಗ್ರೇಡಲ್ (ಕೋಡ್‌ನಿಂದ ಓಡುವ ಆಟ ತಯಾರಿಸುವ ಟೂಲ್) ಪ್ರಾಜೆಕ್ಟ್ ತಯಾರು. ಕೋರ್ ಅನ್ನುವ ಫೋಲ್ಡರಿನಲ್ಲಿ ಇಡೀ ಆಟ. ಪಕ್ಕದಲ್ಲಿ ಡೆಸ್ಕ್‌ಟಾಪ್, ಆಂಡ್ರಾಯ್ಡ್, ಎಚ್‌ಟಿಎಂಎಲ್ (ಅಂದರೆ ಬ್ರೌಸರ್) ಒಂದೊಂದಕ್ಕೂ ಒಂದು ಫೋಲ್ಡರ್, ಅವುಗಳಲ್ಲಿ ಕೋರನ್ನು ಕರೆದು ಓಡಿಸುವಷ್ಟೇ ಕೋಡ್. ಮೊದಲ ಸಲ ಗ್ರೇಡಲ್ ಬೇಕಾದ್ದೆಲ್ಲ ಡೌನ್‌ಲೋಡ್ ಮಾಡಿಕೊಳ್ಳುತ್ತದೆ, ಕಾಯಬೇಕು. ಆಮೇಲೆ ಒಂದೇ ಕಮಾಂಡ್, ಲೋಗೋ ಇರುವ ವಿಂಡೋ ತೆರೆದುಕೊಳ್ಳುತ್ತದೆ. ಇಲ್ಲಿ ಟೆಂಪ್ಲೇಟ್ ಅಂದರೆ ನಮ್ಮ ಕೋಡ್ ಕೂರುವ ಚೌಕಟ್ಟು. ಪ್ರತಿ ಸಾಲೂ ಕಣ್ಣ ಮುಂದೆ ಇರುತ್ತದೆ. ಇದು ನನಗೆ ತುಂಬಾ ಹಿಡಿಸಿತು.

ಗೋಡಾಟ್‌ನಲ್ಲಿ ಹೊಸ ಪ್ರಾಜೆಕ್ಟ್ ಅಂದರೆ ಹೆಚ್ಚುಕಡಿಮೆ ಖಾಲಿ ಫೋಲ್ಡರ್. ಎಕ್ಸ್‌ಪೋರ್ಟ್ ಮಾಡಲು, ಅಂದರೆ ಫೋನ್, ಬ್ರೌಸರ್‌ಗಳಲ್ಲಿ ಓಡುವ ರೂಪಕ್ಕೆ ತರಲು ಹೋದಾಗ ಅದು ಟೆಂಪ್ಲೇಟ್ ಕೇಳುತ್ತದೆ. ಅದು ಕೋಡ್ ಅಲ್ಲ. ಪ್ರತಿ ಪ್ಲಾಟ್‌ಫಾರ್ಮ್‌ಗೂ ಮೊದಲೇ ಕಂಪೈಲ್ ಮಾಡಿಟ್ಟ (ಓಡಲು ಸಿದ್ಧವಾಗಿಟ್ಟ) ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ಪ್ರೋಗ್ರಾಂ. ನಮ್ಮ ಆಟವನ್ನು ಪ್ಯಾಕ್ ಮಾಡಿ ಅದಕ್ಕೆ ಸೇರಿಸುತ್ತಾರೆ, ಅಷ್ಟೇ. ಹಾಗಾಗಿ ಬಿಲ್ಡ್ ಕ್ಷಣದಲ್ಲಿ ಮುಗಿಯುತ್ತದೆ. ಒಂದು ಎಚ್ಚರ: ಎಡಿಟರ್ ಮತ್ತು ಟೆಂಪ್ಲೇಟ್‌ಗಳ ಆವೃತ್ತಿ ಒಂದೇ ಆಗಿರಬೇಕು. ಎಡಿಟರನ್ನು ಬದಲಾಯಿಸಿದರೆ ಟೆಂಪ್ಲೇಟನ್ನೂ ಮತ್ತೆ ಇಳಿಸಿಕೊಳ್ಳಬೇಕು, ಅದು ದೊಡ್ಡ ಫೈಲ್.

ಡೆಸ್ಕ್‌ಟಾಪ್ ಎರಡರಲ್ಲೂ ಸಲೀಸು. ಆಂಡ್ರಾಯ್ಡ್‌ಗೆ ಎರಡಕ್ಕೂ ಜೆಡಿಕೆ (ಜಾವಾದ ಟೂಲ್‌ಗಳು), ಆಂಡ್ರಾಯ್ಡ್ ಎಸ್‌ಡಿಕೆ (ಆಂಡ್ರಾಯ್ಡ್ ಆ್ಯಪ್ ಕಟ್ಟುವ ಟೂಲ್‌ಗಳು) ಬೇಕು. ಗೋಡಾಟ್‌ನಲ್ಲಿ ಎಡಿಟರ್ ಸೆಟ್ಟಿಂಗ್ಸ್‌ನಲ್ಲಿ ಅವುಗಳ ಜಾಗ ತೋರಿಸಬೇಕು, ಟೆಕ್ಸ್ಚರ್ (ಆಟದ ಚಿತ್ರಗಳು) ಕುರಿತ ಆಯ್ಕೆಯೊಂದನ್ನು ಆನ್ ಮಾಡು ಅಂತ ಅದೇ ಕೆಂಪಕ್ಷರದಲ್ಲಿ ಹೇಳುತ್ತದೆ. ಎಪಿಕೆ (ಫೋನಿಗೆ ಹಾಕುವ ಆ್ಯಪ್ ಫೈಲ್) ಗಾತ್ರದಲ್ಲಿ ಮಾತ್ರ ಲಿಬ್‌ಜಿಡಿಎಕ್ಸ್ ಬಹಳ ಮುಂದೆ. ಅಲ್ಲಿ ಕೆಲವೇ ಎಂಬಿ. ಗೋಡಾಟ್‌ನದು ಅದರ ಹಲವು ಪಟ್ಟು, ಎಂಜಿನ್ ಇಡಿಯಾಗಿ ಒಳಗಿರುತ್ತದಲ್ವಾ.

ಬ್ರೌಸರ್‌ಗೆ ಬಂದಾಗ ಲಿಬ್‌ಜಿಡಿಎಕ್ಸ್ ನನ್ನನ್ನು ನಿಲ್ಲಿಸಿತು. ಜಿಡಬ್ಲ್ಯುಟಿ ಅನ್ನುವ ಟೂಲ್ ನಮ್ಮ ಜಾವಾವನ್ನು ಬ್ರೌಸರ್ ಓಡಿಸಬಲ್ಲ ಜಾವಾಸ್ಕ್ರಿಪ್ಟ್ ಮಾಡುತ್ತದೆ, ಆದರೆ ಜಾವಾ ಲೈಬ್ರರಿಯ ಒಂದು ಭಾಗ ಮಾತ್ರ ಅದಕ್ಕೆ ಗೊತ್ತು. ಎಷ್ಟು ಕಾಯಿ ಹಣ್ಣಾಯಿತು ಅಂತ ತೋರಿಸಲು ನಾನು ಸ್ಟ್ರಿಂಗ್ ಕ್ಲಾಸಿನ ಫಾರ್ಮ್ಯಾಟ್ (ಬರಹದ ನಡುವೆ ಅಂಕಿ ಕೂರಿಸುವ ಸವಲತ್ತು) ಬಳಸಿದ್ದೆ. ಡೆಸ್ಕ್‌ಟಾಪ್‌ನಲ್ಲಿ ಓಡಿತು, ಫೋನಿನಲ್ಲೂ ಓಡಿತು, ಇಲ್ಲಿ ಕಂಪೈಲ್ ಆಗಲೇ ಇಲ್ಲ. ಅಂಥ ಜಾಗಗಳನ್ನೆಲ್ಲ ಹುಡುಕಿ ಸುಮ್ನೆ ಪ್ಲಸ್ ಹಾಕಿ ಜೋಡಿಸಿದೆ. ಜಾವಾ ಬದಲು ಕಾಟ್ಲಿನ್ ಭಾಷೆಯಲ್ಲಿ ಬರೆಯುವವರಿಗೆ ಜಿಡಬ್ಲ್ಯುಟಿ ದಾರಿಯೇ ಇಲ್ಲ, ಟೀವಿಎಂ ಅನ್ನುವ ಇನ್ನೊಂದು ಟೂಲ್ ಹಿಡಿಯಬೇಕು. ಗೋಡಾಟ್‌ನಲ್ಲೂ ಇಂಥದ್ದೊಂದಿದೆ: 4.3ರಲ್ಲಿ ಸಿ ಶಾರ್ಪ್ ಭಾಷೆಯಲ್ಲಿ ಬರೆದ ಆಟ ಬ್ರೌಸರ್‌ಗೆ ಹೋಗುವುದಿಲ್ಲ. ನಾನು ಗೋಡಾಟ್‌ನದೇ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲಿ ಬರೆದದ್ದರಿಂದ ತೊಂದರೆ ಆಗಲಿಲ್ಲ. 4.3ಕ್ಕಿಂತ ಮುಂಚಿನ ಗೋಡಾಟ್ 4ರಲ್ಲಿ ಸರ್ವರ್‌ಗೆ ವಿಶೇಷ ಹೆಡರ್‌ಗಳನ್ನು (ಪುಟದ ಜೊತೆ ಸರ್ವರ್ ಕಳಿಸುವ ಸೂಚನೆಗಳನ್ನು) ಸೇರಿಸಬೇಕಿತ್ತು. 2024ರ ಆಗಸ್ಟ್‌ನಲ್ಲಿ 4.3 ಬಂದ ಮೇಲೆ ಥ್ರೆಡ್ (ಒಂದೇ ಹೊತ್ತಿಗೆ ಹಲವು ಕೆಲಸ ಓಡಿಸುವ ವಿಧಾನ) ಇಲ್ಲದ ಬಿಲ್ಡ್‌ಗೆ ಅದು ಬೇಡ.

ಇಷ್ಟರಲ್ಲಿ ಎರಡೂ ಸಮ ಸಮ ಅನ್ನಬಹುದಿತ್ತು. ನನ್ನ ತೀರ್ಮಾನ ನಿಂತಿದ್ದು ಕನ್ನಡದ ಮೇಲೆ.

ಲಿಬ್‌ಜಿಡಿಎಕ್ಸ್‌ನಲ್ಲಿ ಫಾಂಟ್ ಫೈಲ್ ಓದುವ ಫ್ರೀಟೈಪ್ ಎಕ್ಸ್‌ಟೆನ್ಶನ್ ಹಾಕಿ ಕನ್ನಡ ಫಾಂಟ್ ಕೊಟ್ಟೆ. ‘ನಿಮ್ಮ ಸರದಿ’ ಅಂತ ಬರಬೇಕಾದ ಕಡೆ ಗುಣಿಸು ತನ್ನ ಅಕ್ಷರ ಬಿಟ್ಟು ನಿಂತಿತ್ತು. ಒತ್ತು ಕೆಳಗೆ ಇಳಿಯದೆ, ‘ಮ’ಗಳೆರಡೂ ಅಕ್ಕಪಕ್ಕ ಕೂತಿದ್ದವು. ಅದು ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಇಡುತ್ತದೆ, ಅಕ್ಷರಗಳನ್ನು ಕೂಡಿಸುವ ಕೆಲಸ ಮಾಡುವುದಿಲ್ಲ. ಕೊನೆಗೆ ಪದಗಳನ್ನೆಲ್ಲ ಚಿತ್ರವಾಗಿ ಮಾಡಿ ಹಾಕಿದೆ. ಒಂದು ಪದ ತಿದ್ದಬೇಕೆಂದರೂ ಮತ್ತೆ ಚಿತ್ರ ಮಾಡಬೇಕು. ನಮ್ಮ ಭಾಷೆಯ ಆಟಕ್ಕೆ ಇದು ದೊಡ್ಡ ಕೊರತೆ.

ಗೋಡಾಟ್ 4ರ ಒಳಗೆ ಅಕ್ಷರಗಳನ್ನು ಕೂಡಿಸಿ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಇದೆ. ಲೇಬಲ್‌ನಲ್ಲಿ ಕನ್ನಡ ಟೈಪ್ ಮಾಡಿದೆ, ಒತ್ತಕ್ಷರ ಸರಿಯಾಗಿ ಕೂತಿತು. ಖುಷಿಯಿಂದ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಬರೀ ಚೌಕ ಡಬ್ಬಿಗಳು! ಕಾರಣ ಹುಡುಕಲು ಒಂದು ಸಂಜೆ ಬೇಕಾಯಿತು. ಕಂಪ್ಯೂಟರಿನಲ್ಲಿ ಅದು ಸಿಸ್ಟಮ್‌ನ ಕನ್ನಡ ಫಾಂಟನ್ನು ತಾನೇ ಎರವಲು ಪಡೆಯುತ್ತಿತ್ತು. ಬ್ರೌಸರಿನಲ್ಲಿ ಆ ಸೌಲಭ್ಯ ಇಲ್ಲ. ನೋಟೋ ಸಾನ್ಸ್ ಕನ್ನಡ ಫೈಲನ್ನು ಪ್ರಾಜೆಕ್ಟ್ ಒಳಗೇ ಇಟ್ಟು, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಥೀಮ್ ಕೆಳಗೆ ಕಸ್ಟಮ್ ಫಾಂಟ್ ಅಂತ ಅದನ್ನೇ ತೋರಿಸಿದೆ. ಸರಿಹೋಯಿತು.

ಜಾವಾ ಕೈಗೆ ಪಳಗಿದ್ದು, ಆಟದಲ್ಲಿ ಬರಹ ಕಡಿಮೆ, ಎಪಿಕೆ ಚಿಕ್ಕದಿರಬೇಕು ಅನ್ನುವವರು ಲಿಬ್‌ಜಿಡಿಎಕ್ಸ್ ಹಿಡಿಯಿರಿ. ಆದರೆ ಲೋಗೋ ಬಂದ ದಿನವೇ ಎಚ್‌ಟಿಎಂಎಲ್ ಬಿಲ್ಡ್ ಮಾಡಿ ನೋಡಿ, ಆಮೇಲೂ ಆಗಾಗ ಮಾಡುತ್ತಿರಿ. ನನ್ನ ಚೌಕಾಬಾರ ಗೋಡಾಟ್‌ನಲ್ಲಿ ಉಳಿಯಿತು. ಬಾರ ಬಿದ್ದಾಗ ಬರುವ ‘ಮತ್ತೊಮ್ಮೆ’ ಬಟನ್ ಈಗ ಮೂರೂ ಕಡೆ ಒಂದೇ ಥರ ಕಾಣುತ್ತದೆ.